ರೇಸಿಸಂ ಅಮೆರಿಕದ ವಿಷಯ, ನಮಗ್ಯಾಕೆ ಅಂತಾರೆ. ಆರೋಗ್ಯದ ಮೇಲೆ ರಿಸರ್ಚ್ ಮಾಡುವವರು ಏನಂತೀರಿ?

ಕೋಟೆಕೆರೆ ದಂಡೆ · ಬೆಳಗಾವಿ

ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬರುವ ಶನಿವಾರ ಜರ್ನಲ್ ಕ್ಲಬ್‌ನಲ್ಲಿ, ಅಂದರೆ ಸಂಶೋಧನಾ ಲೇಖನ ಓದಿ ಚರ್ಚಿಸುವ ಕೂಟದಲ್ಲಿ, ನನ್ನ ಪಾಳಿ. ವರ್ಣಭೇದ ಮತ್ತು ಆರೋಗ್ಯ ಅಂತ ವಿಷಯ ಕೊಟ್ಟೆ. ಹಿರಿಯ ಮೇಷ್ಟ್ರೊಬ್ಬರು ನಕ್ಕುಬಿಟ್ಟರು. "ಅದು ಅಮೆರಿಕದವರ ಜಗಳ. ನಮ್ಮಲ್ಲಿ ಕರಿಯರು ಬಿಳಿಯರು ಎಲ್ಲಿದ್ದಾರೆ? ಸುಮ್ನೆ ರಕ್ತಹೀನತೆ ಮೇಲೆ ಏನಾದರೂ ಮಾಡಿ" ಅಂದರು.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್, ಪಲ್ಸ್ ಆಕ್ಸಿಮೀಟರ್‌ನಿಂದ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಆಶಾ ಅಕ್ಕಂದಿರು ಅದನ್ನು ಹಿಡಿದು ಮನೆಮನೆ ತಿರುಗಿದ್ದು ನೆನಪಿದೆ ಅಲ್ವಾ? 94 ಬಂದರೆ ಮನೆಯಲ್ಲೇ ಇರಿ, ಕೆಳಗಿಳಿದರೆ ಆಸ್ಪತ್ರೆಗೆ ನಡೆಯಿರಿ. ಆ ಕ್ಲಿಪ್ ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ರಕ್ತ ಯಾವುದನ್ನು ಎಷ್ಟು ಹೀರಿತು ಅನ್ನುವುದರ ಮೇಲೆ ಆಮ್ಲಜನಕದ ಲೆಕ್ಕ. ಆದರೆ ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಯಂತ್ರವನ್ನು ಹೊಂದಿಸಿದ್ದು ಹೆಚ್ಚಾಗಿ ಬಿಳಿ ಚರ್ಮದವರ ಮೇಲೆ.

2020ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಮಿಷಿಗನ್ ವೈದ್ಯರ ವರದಿ ಬಂತು. ಕ್ಲಿಪ್ 92ರಿಂದ 96 ತೋರಿಸಿದಾಗ ಅಪಧಮನಿಯ ರಕ್ತ ತೆಗೆದು ನೋಡಿದರೆ ಕೆಲವು ಸಲ ನಿಜವಾದ ಅಂಕಿ 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಇದು ಶೇ 3.6 ಸಲ ಆಗಿತ್ತು, ಕಪ್ಪು ರೋಗಿಗಳಲ್ಲಿ ಶೇ 11.7 ಸಲ.

ಈಗ ಹೇಳಿ. ಅಥಣಿಯಲ್ಲಿ ಕಬ್ಬು ಕಡಿಯುವವರ ಬೆರಳಿಗೂ ಟಿಳಕವಾಡಿಯ ಬ್ಯಾಂಕ್ ಮ್ಯಾನೇಜರ್ ಬೆರಳಿಗೂ ಅದೇ ಕ್ಲಿಪ್, ಅದೇ 94. ಇದು ಅಮೆರಿಕದ ಜಗಳ ಹೇಗಾಯಿತು? ಲ್ಯಾಬ್‌ನಲ್ಲಿ, ಫೀಲ್ಡ್‌ನಲ್ಲಿ, ಡಿಪಾರ್ಟ್‌ಮೆಂಟ್‌ನಲ್ಲಿ ನೀವು ಕಂಡದ್ದು ಬರೆಯಿರಿ. ಘೋಷಣೆ ಬೇಡ, ಅವು ನನ್ನ ಹತ್ತಿರವೂ ಬೇಕಾದಷ್ಟಿವೆ.

ಲ್ಯಾಬ್ ಅಕ್ಕ · ಬೆಳಗಾವಿ

ನಿಮ್ಮ ಮೇಷ್ಟ್ರನ್ನು ನಮ್ಮ ಕೌಂಟರ್‌ಗೆ ಕಳಿಸಿ. ನಾನು ಬಯೋಕೆಮಿಸ್ಟ್ರಿ.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ಇದೆಯಲ್ಲ, ಅದನ್ನು ಯಾರೂ ಅಳೆಯುವುದಿಲ್ಲ. ಲೆಕ್ಕ ಹಾಕುತ್ತಾರೆ. ರಕ್ತದ ಕ್ರಿಯಾಟಿನಿನ್ (ಸ್ನಾಯುಗಳಿಂದ ಬರುವ, ಕಿಡ್ನಿ ಸೋಸಬೇಕಾದ ಕಸ), ವಯಸ್ಸು, ಗಂಡೋ ಹೆಣ್ಣೋ. ಅಂಕಿ ಜಾಸ್ತಿ ಇದ್ದಷ್ಟೂ ಕಿಡ್ನಿ ಚೆನ್ನಾಗಿದೆ ಅಂತ. 1999ರ ಎಂಡಿಆರ್‌ಡಿ ಸೂತ್ರದಲ್ಲಿ ಇನ್ನೊಂದು ಸೇರಿತ್ತು. ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು ಸುಮಾರು 1.2ರಿಂದ ಗುಣಿಸಬೇಕು. 2009ರ ಸಿಕೆಡಿ-ಎಪಿಐ ಸೂತ್ರದಲ್ಲಿ ಅದು 1.159 ಆಯಿತು. ಕೊಟ್ಟ ಕಾರಣ, ಅವರ ಮೈಯಲ್ಲಿ ಸ್ನಾಯು ಜಾಸ್ತಿ ಅಂತ.

ಲೆಕ್ಕ ಮಾಡಿ ನೋಡಿ. ಬಿಳಿ ರೋಗಿಗೆ 18 ಬಂದರೆ, ಅದೇ ರಕ್ತ, ಅದೇ ವಯಸ್ಸಿನ ಕಪ್ಪು ರೋಗಿಗೆ 20.9. ಅಮೆರಿಕದಲ್ಲಿ ಕಿಡ್ನಿ ಕಸಿಯ ಸರದಿಗೆ ಸೇರಲು 20ಕ್ಕೆ ಇಳಿಯಬೇಕು. ಒಬ್ಬರು ಸರದಿಯಲ್ಲಿ ನಿಂತರು, ಇನ್ನೊಬ್ಬರಿಗೆ "ನಿಮ್ಮದು ಪರವಾಗಿಲ್ಲ, ಮುಂದಿನ ಸಲ ಬನ್ನಿ". 2021ರಲ್ಲಿ ಜನಾಂಗದ ಗುಣಕ ಇಲ್ಲದ ಹೊಸ ಸೂತ್ರ ಬಂತು. 2023ರಲ್ಲಿ ಆ ರೋಗಿಗಳು ಕಳೆದುಕೊಂಡ ಕಾಯುವ ಕಾಲವನ್ನು ಸರದಿಯಲ್ಲಿ ವಾಪಸ್ ಸೇರಿಸಿ ಅಂತ ಅಲ್ಲಿನ ಆಸ್ಪತ್ರೆಗಳಿಗೆ ಹೇಳಿದರು. ಅಷ್ಟರಲ್ಲಿ ಸತ್ತವರ ಲೆಕ್ಕ ಯಾರು ಕೊಡುತ್ತಾರೆ ಬಿಡಿ.

ಇನ್ನು ನಮ್ಮೂರಿನ ಕಥೆ. ನಾನು ಮೊದಲು ಕೆಲಸ ಮಾಡಿದ ಒಂದು ಖಾಸಗಿ ಲ್ಯಾಬ್‌ನ ಸಾಫ್ಟ್‌ವೇರ್‌ನಲ್ಲಿ ಹಳೆಯ ಸೂತ್ರವೇ ಇತ್ತು. ನೋಂದಣಿ ಮಾಡುವಾಗ ಎರಡೇ ಆಯ್ಕೆ: ಆಫ್ರಿಕನ್ ಅಮೆರಿಕನ್, ಇತರೆ. ಎಲ್ಲರಿಗೂ ಇತರೆ ಒತ್ತುತ್ತಿದ್ದರು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ದಿನ ಖಾನಾಪುರ ಕಡೆಯ ಸಿದ್ದಿ ಹೆಂಗಸೊಬ್ಬರು ಬಂದರು, ಆಫ್ರಿಕದ ಮೂಲದ ನಮ್ಮದೇ ಕಾಡಂಚಿನ ಸಮುದಾಯ. ಡಯಾಬಿಟಿಸ್, ಕಾಲಿಗೆ ಬಾವು. ಕೌಂಟರ್ ಹುಡುಗ ಅವರ ಮುಖ ನೋಡಿದ, ಸ್ಕ್ರೀನ್ ನೋಡಿದ, ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ: "ಮೇಡಂ, ಇವರನ್ನ ಯಾವುದರಾಗ ಹಾಕ್ಲಿ?" ಆ ಹುಡುಗನ ಬೆರಳು ಮೌಸ್ ಮೇಲೇ ಇತ್ತು. ಅಲ್ಲಿ ಒತ್ತಿದರೆ ಅವರ ಕಿಡ್ನಿ ಒಂದೇ ಏಟಿಗೆ ಶೇ 16ರಷ್ಟು ಚೆನ್ನಾಗಿ ಆಗಿಬಿಡುತ್ತಿತ್ತು!

ಕುಂದಾ ಪ್ರಿಯ · ಬೆಳಗಾವಿ

ಇಷ್ಟು ದಿನ ಆ ಡ್ರಾಪ್‌ಡೌನ್ ಯಾಕಿದೆ ಅಂತ ನನಗೂ ಗೊತ್ತಿರಲಿಲ್ಲ. ಜರ್ನಲ್ ಕ್ಲಬ್‌ನಲ್ಲಿ ಚಹಾ ಇದ್ದರೆ ನಾನೂ ಬರುತ್ತೇನೆ.

ಗೋಲಗುಂಬಜ್ ಪಿಸುಮಾತು · ವಿಜಯಪುರ

ಮೆಡಿಸಿನ್ ಪಿಜಿ. ಸ್ವಲ್ಪ ವಿರುದ್ಧ ಮಾತಾಡುತ್ತೇನೆ, ಬೈಯಬೇಡಿ.

ಜನರ ಮೈಯಲ್ಲಿ ವ್ಯತ್ಯಾಸ ಇದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ರೋಗಿಗೆ ಒಳ್ಳೆಯದೇ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಬಿಎಂಐ ನೋಡಿ. ಯುರೋಪಿನವರಿಗೆ 25 ದಾಟಿದರೆ ತೂಕ ಜಾಸ್ತಿ. ನಮಗೆ 23ಕ್ಕೇ ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ 2004ರಲ್ಲಿ ಏಷ್ಯಾದವರಿಗೆ 23 ಮತ್ತು 27.5 ಅಂತ ಬೇರೆ ಗೆರೆ ಹೇಳಿದರು. ನನ್ನ ಓಪಿಡಿಗೆ ಬರುವ ಸಣಕಲು ಮೈಯ, ಹೊಟ್ಟೆ ಮಾತ್ರ ಮುಂದೆ ಬಂದ ಮನುಷ್ಯನಿಗೆ ಶುಗರ್ 280 ಇರುತ್ತದೆ. ಯುರೋಪಿನ ಗೆರೆ ಹಿಡಿದುಕೊಂಡು ಕೂತಿದ್ದರೆ "ನೀನು ಆರೋಗ್ಯವಂತ" ಅಂತ ಮನೆಗೆ ಕಳಿಸಬೇಕಾಗುತ್ತಿತ್ತು. ಕುಡಗೋಲು ಕಣ ರೋಗ (ಸಿಕಲ್ ಸೆಲ್, ರಕ್ತಕಣ ಕುಡಗೋಲಿನಂತೆ ಬಾಗುವ ವಂಶಪಾರಂಪರ್ಯ ರೋಗ) ಕೂಡ ಹಾಗೇ. ಬುಡಕಟ್ಟು ಜನರಲ್ಲಿ ಜಾಸ್ತಿ ಅಂತಲೇ 2023ರಲ್ಲಿ ಅದಕ್ಕೆ ರಾಷ್ಟ್ರೀಯ ಮಿಷನ್ ಶುರುವಾಯಿತು. ಅದನ್ನೂ ರೇಸಿಸಂ ಅಂತೀರಾ? ಎಲ್ಲದಕ್ಕೂ ಒಂದೇ ಹಣೆಪಟ್ಟಿ ಅಂಟಿಸಿದರೆ ಕೊನೆಗೆ ಪೆಟ್ಟು ತಿನ್ನುವವನು ರೋಗಿ.

ಲೋಂಡಾ ಪ್ಯಾಸೆಂಜರ್ · ಖಾನಾಪುರ

ಲ್ಯಾಬ್ ಅಕ್ಕಾ, ನೀವು ಹೇಳಿದ ಹೆಂಗಸು ನಮ್ಮವರು. ನಾನು ಸಿದ್ದಿ. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಈಗ ರಿಸರ್ಚ್‌ಗೆ ಸೇರಿದ್ದೇನೆ. ಕನ್ನಡ, ಮರಾಠಿ, ಮನೆಯಲ್ಲಿ ನಮ್ಮ ಕೊಂಕಣಿ. ಆದರೂ ಬೆಳಗಾವಿಯ ಒಂದು ಆಸ್ಪತ್ರೆಗೆ ಜ್ವರ ಅಂತ ಹೋದರೆ ಡಾಕ್ಟ್ರು ನನ್ನ ಜೊತೆ ಇಂಗ್ಲಿಷ್‌ನಲ್ಲೇ ಶುರು ಮಾಡಿದರು. ಯಾವ ದೇಶ, ವೀಸಾ ಎಲ್ಲಿಯವರೆಗೆ ಇದೆ, ಅಂತೆಲ್ಲ. "ಸರ್, ನಮ್ಮಪ್ಪನ ಊರು ಖಾನಾಪುರ ತಾಲ್ಲೂಕು" ಅಂದೆ. ಅವರು ನಕ್ಕು, "ಒಳ್ಳೆ ಕನ್ನಡ ಕಲಿತಿದ್ದೀಯಪ್ಪ" ಅಂದರು. ಜ್ವರ ಎಷ್ಟು ದಿನದಿಂದ ಅನ್ನುವ ಪ್ರಶ್ನೆ ಆಮೇಲೆ ಬಂತು.

ಪಿಸುಮಾತು ಸರ್, ನೀವು ಹೇಳಿದ ಕುಡಗೋಲು ಕಣ ಚರ್ಮದ ಬಣ್ಣದ ಬೆನ್ನು ಹತ್ತಿಲ್ಲ, ಮಲೇರಿಯಾದ ಬೆನ್ನು ಹತ್ತಿದೆ. ಮಲೇರಿಯಾ ತಲೆತಲಾಂತರದಿಂದ ಇದ್ದಲ್ಲೆಲ್ಲ ಅದೂ ಇದೆ. ಗ್ರೀಸ್‌ನ ಕೆಲವು ಕಡೆ, ಅರಬ್ ನಾಡಿನಲ್ಲಿ, ನಮ್ಮ ಮಧ್ಯ ಭಾರತದಲ್ಲಿ. ಆಫ್ರಿಕದ ದಕ್ಷಿಣ ತುದಿಯ ಜನರಲ್ಲಿ ತೀರಾ ಕಡಿಮೆ. ಪರೀಕ್ಷೆ ಮಾಡಬೇಡಿ ಅಂತ ಯಾರೂ ಹೇಳುತ್ತಿಲ್ಲ. ಮುಖ ನೋಡಿ ರಕ್ತ ಊಹಿಸಬೇಡಿ ಅನ್ನುತ್ತಿದ್ದೇವೆ.

ಊಹೆಯ ಇನ್ನೊಂದು ಕಥೆ ಕೇಳಿ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟಿತು. ಆಫ್ರಿಕದ ಮೂಲ, ಹಾಗಾಗಿ ಒಲಿಂಪಿಕ್ ಪದಕ ರಕ್ತದಲ್ಲೇ ಇದೆ ಅನ್ನುವ ಲೆಕ್ಕ. ಕೆಲವರು ನಿಜವಾಗಿಯೂ ಚೆನ್ನಾಗಿ ಓಡಿದರು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು, ಮಕ್ಕಳು ಮನೆಗೆ ವಾಪಸ್. ಆ ಹಾಡಿಗಳಿಗೆ ದಾರಿ ಇದೆಯಾ, ದವಾಖಾನೆ ಎಷ್ಟು ದೂರ, ಮಕ್ಕಳು ಏನು ತಿನ್ನುತ್ತಾರೆ ಅಂತ ಅಷ್ಟೇ ಉತ್ಸಾಹದಿಂದ ಯಾರೂ ಕೇಳಿರಲಿಲ್ಲ.

ಇನ್ನು ಸರ್ಕಾರದ ಗೆರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡ ಆದರು. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳು ಆ ಪಟ್ಟಿಗೆ ಸೇರಲು 2020 ಆಗಬೇಕಾಯಿತು. ಹಳಿಯಾಳದಲ್ಲಿರುವ ನನ್ನ ಸೋದರತ್ತೆಯ ಮಕ್ಕಳಿಗೆ ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲ ಸಿಕ್ಕಿತು. ಜಿಲ್ಲೆಯ ಗಡಿಯ ಈಚೆ ಇದ್ದ ನನ್ನ ಅಕ್ಕ ಪಿಯುಸಿಗೇ ಬಿಟ್ಟಳು. ಒಂದೇ ಅಜ್ಜನ ಮೊಮ್ಮಕ್ಕಳು. ಈಗ ಇಬ್ಬರ ರಕ್ತಹೀನತೆ, ತೂಕ, ಹೆರಿಗೆ ಹೋಲಿಸಿದರೆ ಬರುವ ವ್ಯತ್ಯಾಸಕ್ಕೆ ಯಾವ ಜೀನ್ ಕಾರಣ ಅಂತೀರಿ?

ಚಿಕ್ಕವನಿದ್ದಾಗ ನಮ್ಮ ಹಾಡಿಗೆ ಯಾರೋ ಬಂದು ರಕ್ತ ತೆಗೆದುಕೊಂಡು ಹೋದರು. ಬಿಸ್ಕತ್ತು ಕೊಟ್ಟಿದ್ದರು. ರಿಪೋರ್ಟ್ ಇನ್ನೂ ಬಂದಿಲ್ಲ.

ಗೋಲಗುಂಬಜ್ ಪಿಸುಮಾತು · ವಿಜಯಪುರ

ತಮ್ಮಾ, ಆ ಡಾಕ್ಟರ್ ಪರವಾಗಿ ನಾನು ಮಾತಾಡುವುದಿಲ್ಲ. ಆದರೆ ಬಿಎಂಐ ಪ್ರಶ್ನೆ ಹಾಗೇ ಉಳಿಯಿತು.

ಜೋಳದ ರೊಟ್ಟಿ · ವಿಜಯಪುರ

ಬಿಎಂಐಗೆ ನಾನು ಉತ್ತರ ಕೊಡುತ್ತೇನೆ ಸರ್. ನಾನು ಅಂಕಿಸಂಖ್ಯೆಯವಳು.

ಆ 23 ಬಂದದ್ದು ಏಷ್ಯಾದ ಜನರನ್ನೇ ಅಳೆದು, ಅವರಿಗೆ ಯಾವ ತೂಕಕ್ಕೆ ಶುಗರ್ ಬರುತ್ತದೆ ಅಂತ ನೋಡಿ. ಬಂದ ಮೇಲೆ ಅದು ಏನು ಮಾಡುತ್ತದೆ? ರೋಗಿಗೆ ಬೇಗ ಚಿಕಿತ್ಸೆ ಕೊಡಿಸುತ್ತದೆ. 1.159 ಏನು ಮಾಡಿತು? ತಡ ಮಾಡಿಸಿತು. ವ್ಯತ್ಯಾಸ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದರ ಖರ್ಚು ಯಾರ ತಲೆಗೆ ಬಂತು ಅಂತ ನೋಡಿ. ಇನ್ನೊಂದು ಮಾತು, ನಿಮ್ಮ ಸಣಕಲು ರೋಗಿಯ ಶುಗರ್‌ಗೆ ಅವರವ್ವ ಬಸುರಿ ಇದ್ದಾಗ ಏನು ಉಂಡಿದ್ದರು ಅನ್ನುವುದೂ ಕಾರಣ ಇರಬಹುದಲ್ವಾ? ಹುಟ್ಟುವಾಗಲೇ ತೂಕ ಕಮ್ಮಿ ಇದ್ದ ಮಕ್ಕಳಿಗೆ ದೊಡ್ಡವರಾದ ಮೇಲೆ ಶುಗರ್ ಜಾಸ್ತಿ ಅಂತ ನಿಮಗೇ ಕಲಿಸಿದ್ದಾರೆ.

ಈ ಜಗಳ ಹೊಸದೇನೂ ಅಲ್ಲ. 1896ರಲ್ಲಿ ಅಮೆರಿಕದ ವಿಮಾ ಕಂಪನಿಯೊಂದರ ಅಂಕಿತಜ್ಞ ಫ್ರೆಡರಿಕ್ ಹಾಫ್‌ಮನ್ ಕಪ್ಪು ಜನರ ಸಾವಿನ ಅಂಕಿಗಳನ್ನು ಗುಡ್ಡೆ ಹಾಕಿ, ಇದು ಅವರ ಜನಾಂಗದ ಗುಣ, ಇವರು ನಶಿಸುತ್ತಾ ಹೋಗುತ್ತಾರೆ ಅಂತ ಬರೆದ. ಅಲ್ಲಿನ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡುಬೋಯ್ಸ್ 1899ರಲ್ಲಿ ಫಿಲಡೆಲ್ಫಿಯದ ಕಪ್ಪು ಜನರ ಮನೆಮನೆ ತಿರುಗಿ ಮಾಡಿದ ಅಧ್ಯಯನ ಪ್ರಕಟಿಸಿದರು. 1906ರಲ್ಲಿ ಆರೋಗ್ಯದ ಮೇಲೇ ಇನ್ನೊಂದು ವರದಿ ತಂದರು. ಸಾವು ಜಾಸ್ತಿ ಇರುವುದನ್ನು ಅವರೂ ಅಲ್ಲಗಳೆಯಲಿಲ್ಲ. ಆದರೆ ಮನೆ, ನೀರು, ಕೂಲಿ ನೋಡಿ ಅಂದರು. ಕಣ್ಣ ಮುಂದೆ ಒಂದೇ ಸಾವು, ಓದಿದವರು ಇಬ್ಬರು.

ನಮ್ಮಲ್ಲಿ ಇವತ್ತಿಗೂ ನಡೆಯುವುದು ಇದೇ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗೆ ಸಾಯುವ ಮಕ್ಕಳು ಸಾವಿರಕ್ಕೆ ಪರಿಶಿಷ್ಟ ಜಾತಿಯಲ್ಲಿ ಸುಮಾರು 56, ಪಂಗಡದಲ್ಲಿ 57. ಮೀಸಲಾತಿಯ ಯಾವ ಪಟ್ಟಿಯಲ್ಲೂ ಇಲ್ಲದ ಇತರರಲ್ಲಿ 39ರ ಹತ್ತಿರ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2018ರಲ್ಲಿ ಹೇಳಿದ ಪ್ರಕಾರ ದಲಿತ ಹೆಂಗಸು ಸಾಯುವ ಸರಾಸರಿ ವಯಸ್ಸು 39.5, ಮೇಲ್ಜಾತಿಯ ಹೆಂಗಸಿಗೆ 54.1.

ಈಗ ನಮ್ಮ ಥೀಸಿಸ್‌ಗಳಲ್ಲಿ ಏನು ಮಾಡುತ್ತೇವೆ ನೋಡಿ. ಜಾತಿಯ ಕಾಲಂ ಹಾಕುತ್ತೇವೆ. ಆಮೇಲೆ ಆದಾಯ, ಓದು, ಮನೆಯ ಗೋಡೆ, ಶೌಚಾಲಯ ಎಲ್ಲವನ್ನೂ ಅದೇ ಮಾಡೆಲ್‌ಗೆ ಸುರಿದು "ಸರಿಹೊಂದಿಸುತ್ತೇವೆ". ಜಾತಿಯ ಅಂಕಿ ಕುಗ್ಗಿ ಕುಗ್ಗಿ ಪಿ ಮೌಲ್ಯ 0.05 ದಾಟುತ್ತದೆ, ಅಂದರೆ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಅನ್ನುವ ಗೆರೆ. ಕೊನೆಯ ಅಧ್ಯಾಯದಲ್ಲಿ "ಜಾತಿಗೂ ರೋಗಕ್ಕೂ ಗಮನಾರ್ಹ ಸಂಬಂಧ ಕಂಡುಬಂದಿಲ್ಲ" ಅಂತ ಬರೆದು ಡಿಗ್ರಿ ತೆಗೆದುಕೊಳ್ಳುತ್ತೇವೆ. ಅಲ್ಲ ಸ್ವಾಮಿ, ಆ ಓದು, ಆ ಗೋಡೆ, ಆ ಕೂಲಿ ಸಿಗದಂತೆ ಮಾಡಿದ್ದು ಯಾವುದು? ಭೀಮೆಗೆ ಪ್ರವಾಹ ಬಂದು ಮನೆ ಬಿದ್ದಾಗ, ನೀರಿನ ಮಟ್ಟವನ್ನು ಲೆಕ್ಕದಿಂದ ಕಳೆದು, "ಮಳೆಗೂ ಮನೆ ಬಿದ್ದದ್ದಕ್ಕೂ ಸಂಬಂಧ ಇಲ್ಲ" ಅಂದ ಹಾಗಾಯಿತು. ನನ್ನ ಹತ್ತಿರ ಡೇಟಾ ಹಿಡಿದುಕೊಂಡು ಬರುವ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. "ಗೈಡ್ ಹೀಗೇ ಮಾಡು ಅಂದಿದ್ದಾರೆ ಅಕ್ಕಾ" ಅಂತಾರೆ.

ಕೋಟೆಕೆರೆ ದಂಡೆ · ಬೆಳಗಾವಿ

ಅಕ್ಕಾ, ಈ ಭೀಮೆಯ ಮಾತನ್ನು ನಾನು ಸ್ಲೈಡ್‌ನಲ್ಲಿ ಹಾಕಿಕೊಳ್ಳುತ್ತೇನೆ, ಅನುಮತಿ ಕೊಡಿ.

ಜೋಳದ ರೊಟ್ಟಿ · ವಿಜಯಪುರ

ಹಾಕಿಕೊಳ್ಳಿ. ಪ್ರವಾಹದ ಫೋಟೋ ಮಾತ್ರ ಹಾಕಬೇಡಿ, ಎಲ್ಲರೂ ಅದನ್ನೇ ನೋಡುತ್ತಾ ಕೂರುತ್ತಾರೆ.

ಮುಧೋಳದಾಕಿ · ಬಾಗಲಕೋಟೆ

ಮೇಲೆ ರಕ್ತ ತೆಗೆದುಕೊಂಡು ಹೋದರು ಅಂತ ಓದಿ ಬರೆಯಬೇಕು ಅನ್ನಿಸಿತು. ನಮ್ಮ ಕಡೆ ಪ್ರಶ್ನಾವಳಿ ತರುತ್ತಾರೆ.

ನಮ್ಮ ಜಿಲ್ಲೆಯ ದೇವದಾಸಿ ಹೆಂಗಸರ ಮೇಲೆ ಎಷ್ಟು ಅಧ್ಯಯನ ಆಗಿವೆ ಅನ್ನುವುದನ್ನು ಎಣಿಸುವುದಕ್ಕೇ ಒಂದು ಅಧ್ಯಯನ ಬೇಕು. 1982ರಲ್ಲಿ ಮುತ್ತು ಕಟ್ಟುವುದನ್ನು, ಅಂದರೆ ಹುಡುಗಿಯರನ್ನು ದೇವರಿಗೆ ಬಿಡುವುದನ್ನು, ನಿಷೇಧಿಸುವ ಕಾಯ್ದೆ ಬಂತು. 2000ದ ಆಚೀಚೆ ಎಚ್‌ಐವಿ ಜೋರಾದಾಗ ಬಾಗಲಕೋಟೆ, ಬೆಳಗಾವಿಗೆ ದೇಶ ವಿದೇಶದ ತಂಡಗಳು ಬಂದವು. ಕೆಲಸವೂ ಆಯಿತು, ಇಲ್ಲ ಅನ್ನುವುದಿಲ್ಲ. ಔಷಧಿ ಬಂತು, ಹೆಂಗಸರ ಸಂಘಗಳು ಎದ್ದು ನಿಂತವು. ಊರೂರು ತಿರುಗಿ, ಪೊಲೀಸರ ಬೈಗುಳ ತಿಂದು, ಕಾಂಡೋಮ್ ಹಂಚಿದವರು ಆ ಸಂಘದ ಹೆಂಗಸರೇ. ಪೇಪರ್‌ಗಳನ್ನು ತೆಗೆದು ನೋಡಿ. ಅವರಿಗೆ ಸಿಗುವುದು ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲು.

ನನ್ನ ಫೀಲ್ಡ್‌ನ ಒಂದು ಮಧ್ಯಾಹ್ನ ಹೇಳುತ್ತೇನೆ. ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಫೈಲ್ ತೆಗೆದು "ನಮಸ್ಕಾರ ಅಜ್ಜಿ, ನಾನು" ಅನ್ನುವಷ್ಟರಲ್ಲಿ ಅವರೇ ಶುರು ಮಾಡಿದರು. "ಬರಕೋ ಯವ್ವಾ. ವಯಸ್ಸು ಗೊತ್ತಿಲ್ಲ. ಸಾಲಿ ಕಲಿತಿಲ್ಲ. ಮುತ್ತು ಕಟ್ಟಿದ್ದು ಮೈನೆರೆಯೋಕಿಂತ ಮುಂಚೆ. ಮಕ್ಕಳು ಮೂರು, ಒಂದು ಹೋಯ್ತು. ರಕ್ತ ತಗಸೀನಿ. ಮುಂದಿಂದು ಕೇಳು." ನನ್ನ ಪ್ರಶ್ನಾವಳಿಯ ಕ್ರಮದಲ್ಲೇ ಉತ್ತರ! ಶೇಂಗಾ ಸುಲಿಯುವ ಕೈ ನಿಲ್ಲಲಿಲ್ಲ. ಒಪ್ಪಿಗೆ ಪತ್ರ ಓದಿ ಹೇಳಲು ಹೋದರೆ ಹೆಬ್ಬೆರಳು ಮುಂದೆ ಚಾಚಿದರು. ಇಂಕ್ ಪ್ಯಾಡ್ ಎಲ್ಲಿ ಅಂತ ಕಣ್ಣಲ್ಲೇ ಹುಡುಕಿದರು.

ಟಸ್ಕೆಗೀ ಬಗ್ಗೆ ನಾವೆಲ್ಲ ನೈತಿಕತೆ ಕೋರ್ಸ್‌ನಲ್ಲಿ ಓದಿರುತ್ತೇವೆ. 1932ರಿಂದ 1972ರವರೆಗೆ ಅಲಬಾಮಾದಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತಾ ಕೂತಿತು. ರೋಗ ಇಲ್ಲದ 201 ಜನ ಹೋಲಿಕೆಗೆ. 1940ರ ದಶಕದಲ್ಲೇ ಪೆನಿಸಿಲಿನ್ ಕೈಗೆ ಬಂದಿತ್ತು, ಕೊಡಲಿಲ್ಲ. ಎಂಸಿಕ್ಯೂನಲ್ಲಿ ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಆದರೆ 2009-10ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ, ಗುಜರಾತಿನ ವಡೋದರಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯಲ್ಲಿ ಏನಾಯಿತು? ಲಸಿಕೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಆಗ ಆದ ಕೆಲವು ಹುಡುಗಿಯರ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಬರಲೂ ಇಲ್ಲ. ಆದರೆ ಖಮ್ಮಂನಲ್ಲಿ ಆಶ್ರಮ ಶಾಲೆಯ ಬುಡಕಟ್ಟು ಹುಡುಗಿಯರ ಪರವಾಗಿ ಒಪ್ಪಿಗೆಗೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಬೆಂಗಳೂರಿನ ದೊಡ್ಡ ಇಂಗ್ಲಿಷ್ ಶಾಲೆಯಲ್ಲಿ ವಾರ್ಡನ್ ಸಹಿ ಹಾಕಿಬಿಡಲಿ ನೋಡೋಣ.

ಹಸಿರು ಸೀರೆ · ಗೋಕಾಕ

ನಾನು ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ ಆಗಿದ್ದೆ, ಈಗ ಪಾಠ ಮಾಡುತ್ತೇನೆ. ಹೊರಗಿನ ದುಡ್ಡಿನ ಸಂಶೋಧನೆ ಅಂದರೆ ಎಲ್ಲವೂ ಟಸ್ಕೆಗೀ ಅನ್ನಬೇಡಿ ಮುಧೋಳದ ತಂಗಿ. 2002ರಿಂದ 2005ರವರೆಗೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ 1620 ಬಾಣಂತಿಯರ ಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗ ಆಯಿತು. ಬೆಳಗಾವಿಯ ಮೆಡಿಕಲ್ ಕಾಲೇಜು ಜೆಎನ್‌ಎಂಸಿ ಮತ್ತು ಅಮೆರಿಕದವರು ಸೇರಿ ಮಾಡಿದ್ದು. ಮಾತ್ರೆ ಕೊಟ್ಟದ್ದು ಎಎನ್‌ಎಂಗಳು. ಹೆರಿಗೆ ಆದ ಮೇಲಿನ ಜಾಸ್ತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉಪಯೋಗಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಫ್ರಿಜ್ ಬೇಡ, ಸೂಜಿ ಬೇಡ. ರಾತ್ರಿ ಎರಡಕ್ಕೆ ಚಿಮಣಿ ಬೆಳಕಿನಲ್ಲಿ ಹೆರಿಗೆ ಮಾಡಿಸಿದವರಿಗೆ ಇದರ ಬೆಲೆ ಗೊತ್ತು.

ಮುಧೋಳದಾಕಿ · ಬಾಗಲಕೋಟೆ

ಒಪ್ಪಿದೆ ಅಕ್ಕಾ, ಅದು ಉಪಯೋಗಕ್ಕೆ ಬಂದ ಕೆಲಸ. ಆದರೂ ಅರ್ಧ ಹೆಂಗಸರಿಗೆ ಕೊಟ್ಟದ್ದು ಖಾಲಿ ಮಾತ್ರೆ. ಆಗ ಹಳ್ಳಿಯ ಮನೆ ಹೆರಿಗೆಯಲ್ಲಿ ಅವರಿಗೆ ಬೇರೇನೂ ಸಿಗುತ್ತಿರಲಿಲ್ಲ, ಹಾಗಾಗಿ ಖಾಲಿ ಮಾತ್ರೆ ನ್ಯಾಯ ಅನ್ನುವುದು ವಾದ. ಬೇರೇನೂ ಸಿಗದ ಕಡೆಗೇ ಪ್ರಯೋಗಗಳು ಹುಡುಕಿಕೊಂಡು ಬರುತ್ತವೆ ಅನ್ನುವುದು ನನ್ನ ತಕರಾರು.

ಹಸಿರು ಸೀರೆ · ಗೋಕಾಕ

ಬರದಿದ್ದರೆ ಇನ್ನೂ ಏನೂ ಸಿಗುತ್ತಿರಲಿಲ್ಲ.

ಚೆನ್ನಮ್ಮ ಸರ್ಕಲ್ · ಬೆಳಗಾವಿ

ಇತಿಹಾಸದವನ ಒಂದು ಉಪಕಥೆ. 1901ರ ಜನಗಣತಿಯ ಹೊತ್ತಿಗೆ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಗಳಿಗೆ ದರ್ಜೆ ಕೊಡಬಹುದು ಅಂತ ನಂಬಿದ್ದ. ಅದಾಗಿ ಕೆಲವು ದಶಕಕ್ಕೆ ಪುಣೆಯಿಂದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬರ್ಲಿನ್‌ಗೆ ಪಿಎಚ್‌ಡಿಗೆ ಹೋದರು. ಗೈಡ್ ಯೂಜೆನ್ ಫಿಷರ್. ಮುಂದೆ ನಾಜಿಗಳಿಗೆ ಬೇಕಾದವನಾದ ಅದೇ ಮನುಷ್ಯ. ಯುರೋಪಿನವರ ತಲೆಬುರುಡೆಯ ಆಕಾರವೇ ಬೇರೆ, ಅದಕ್ಕೇ ಅವರ ಬುದ್ಧಿ ಜಾಸ್ತಿ ಅನ್ನುವುದು ಅವನ ಸಿದ್ಧಾಂತ. ಬುರುಡೆ ಅಳೆದು ತೋರಿಸು ಅಂದ. ಈಕೆ ಅಳೆದರು. ಜನಾಂಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅಂತ ಥೀಸಿಸ್‌ನಲ್ಲಿ ಬರೆದರು. ಇವತ್ತು ಎಷ್ಟು ಜನ ಗೈಡ್ ಸಿದ್ಧಾಂತದ ವಿರುದ್ಧ ಬಂದ ಫಲಿತಾಂಶವನ್ನು ಹಾಗೇ ಬರೆಯುತ್ತೀರಿ, ಕೈ ಎತ್ತಿ.

ಆಮೇಲೆ ಭಾರತಕ್ಕೆ ಬಂದು ಅವರೂ ಜಾತಿಗಳ ಮೈ ಅಳೆಯುವುದನ್ನು ಬಿಡಲಿಲ್ಲ. ಅದು ಬೇರೆ ಕಥೆ.

ಗೋಲಗುಂಬಜ್ ಪಿಸುಮಾತು · ವಿಜಯಪುರ

ಎಲ್ಲ ಸರಿ. ಆದರೆ ಜಾತಿಯನ್ನೂ ರೇಸನ್ನೂ ಯಾಕೆ ಬೆರೆಸುತ್ತಿದ್ದೀರಿ? ಎರಡೂ ಬೇರೆ. 2001ರಲ್ಲಿ ವರ್ಣಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ ಡರ್ಬನ್ ಸಮ್ಮೇಳನದಲ್ಲಿ ಭಾರತ ಸರ್ಕಾರವೇ ಹಾಗೆ ವಾದಿಸಿತ್ತು.

ಕೋಟೆಕೆರೆ ದಂಡೆ · ಬೆಳಗಾವಿ

ವಾದಿಸಿತ್ತು. ಮರುವರ್ಷವೇ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮಿತಿ, ಹುಟ್ಟಿನ ಮೇಲೆ ಮಾಡುವ ಭೇದದಲ್ಲಿ ಜಾತಿಯೂ ಸೇರುತ್ತದೆ ಅಂತ ಹೇಳಿತು. 1946ರಲ್ಲಿ ಅಂಬೇಡ್ಕರ್ ಡುಬೋಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ ಕೇಳಿದ್ದರು. ಎರಡೂ ಒಂದೇ ಅಂತ ನಾನೂ ಹೇಳುತ್ತಿಲ್ಲ. ಮೈಗೆ ಬೀಳುವ ಪೆಟ್ಟನ್ನು ಅಳೆಯುವ ವಿಧಾನ ಅವರಿಂದ ಕಲಿಯಬಹುದು ಅಂತಷ್ಟೇ.

ಹೆಸರು ಬೇಡ

ಎಲ್ಲರೂ ರೋಗಿಗಳ ಬಗ್ಗೆ ಬರೆದಿರಿ. ಡಿಪಾರ್ಟ್‌ಮೆಂಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಯಾಕೆ ಅಂತ ಗೊತ್ತು.

ನಾನು ಪರಿಶಿಷ್ಟ ಜಾತಿ. ನನಗೆ ಇಷ್ಟ ಇದ್ದದ್ದು ಸೊಳ್ಳೆ ಮತ್ತು ಡೆಂಗಿ ಮೇಲಿನ ಕೆಲಸ. ಗೈಡ್ ಅಂದರು: "ಅದೆಲ್ಲ ಯಾಕೆ? ನಿಮ್ಮ ಜನದ ಮೇಲೇ ಮಾಡಪ್ಪ. ಕೇರಿಯೊಳಗೆ ನಿನಗೆ ಡೇಟಾ ಸಲೀಸಾಗಿ ಸಿಗುತ್ತದೆ." ಸರಿ ಅಂತ ಪೌರಕಾರ್ಮಿಕರ ಉಸಿರಾಟದ ತೊಂದರೆ ಮೇಲೆ ಮಾಡಿದೆ. ಮನಸ್ಸಿಟ್ಟೇ ಮಾಡಿದೆ. ಬೆಳಗಿನ ಐದಕ್ಕೆ ಅವರ ಜೊತೆ ಬೀದಿಗಿಳಿಯುತ್ತಿದ್ದೆ. ಪ್ರೀ ಸಬ್‌ಮಿಷನ್ ದಿನ ಹೊರಗಿನಿಂದ ಬಂದ ಪರೀಕ್ಷಕರ ಮೊದಲ ಪ್ರಶ್ನೆ: "ನೀವು ಅದೇ ಸಮುದಾಯದವರು, ನಿಮ್ಮ ಅಧ್ಯಯನದಲ್ಲಿ ಪಕ್ಷಪಾತ ಇಲ್ಲ ಅಂತ ಹೇಗೆ ನಂಬುವುದು?" ಗೈಡ್ ಟೇಬಲ್ ನೋಡುತ್ತಾ ಕೂತಿದ್ದರು. ನನ್ನ ಹಿಂದಿನ ಸರದಿಯವರು ತಮ್ಮದೇ ಸಮುದಾಯದ ಊಟದ ಪದ್ಧತಿ ಮತ್ತು ಆರೋಗ್ಯದ ಮೇಲೆ ಮಾಡಿದ್ದರು. ಅವರಿಗೆ ಈ ಪ್ರಶ್ನೆ ಬರಲಿಲ್ಲ. "ಒಳಗಿನ ನೋಟ ಚೆನ್ನಾಗಿದೆ" ಅಂತ ಮೆಚ್ಚುಗೆ ಬಂತು.

ಹೊರಗೆ ಬಂದರೆ ಕಾರಿಡಾರ್‌ನಲ್ಲಿ ಇನ್ನೊಬ್ಬ ಮೇಷ್ಟ್ರು: "ನಿಂಗೇನು ಬಿಡೋ, ಫೆಲೋಶಿಪ್ ಇದೆ." ಆ ಫೆಲೋಶಿಪ್ ದುಡ್ಡು ತಿಂಗಳುಗಟ್ಟಲೆ ಬರದೆ ಮೆಸ್‌ನಲ್ಲಿ ಸಾಲ ಹೇಳಿದ್ದು ಅವರಿಗೆ ಗೊತ್ತಿಲ್ಲ.

ಅಮೆರಿಕದಲ್ಲಿ 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಲೆಕ್ಕ ನೋಡಿ. ಓದು, ತರಬೇತಿ, ಪ್ರಕಟಣೆ ಎಲ್ಲ ಹೊಂದಿಸಿ ನೋಡಿದರೂ ಕಪ್ಪು ವಿಜ್ಞಾನಿಗಳಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಅನುದಾನ ಸಿಗುವ ಸಾಧ್ಯತೆ ಬಿಳಿಯರಿಗಿಂತ ಶೇಕಡಾ 10 ಅಂಶ ಕಮ್ಮಿ. ನಮ್ಮಲ್ಲಿ 2007ರಲ್ಲಿ ಥೋರಾಟ್ ಸಮಿತಿ ದಿಲ್ಲಿಯ ಏಮ್ಸ್‌ನಲ್ಲಿ ಜಾತಿ ಭೇದ ಇದೆ ಅಂತ ವರದಿ ಕೊಟ್ಟಿತ್ತು. ಆಮೇಲೂ 2016ರಲ್ಲಿ ಹೈದರಾಬಾದ್‌ನ ಸಂಶೋಧಕ ರೋಹಿತ್ ವೇಮುಲ ಆತ್ಮಹತ್ಯೆ ಮಾಡಿಕೊಂಡ. 2019ರಲ್ಲಿ ಮುಂಬೈನ ಪಾಯಲ್ ತಡ್ವಿ ಹಾಗೇ ಹೋದಳು, ಆಕೆ ಡಾಕ್ಟರ್. ನಮ್ಮ ನೋಟಿಸ್ ಬೋರ್ಡ್‌ನಲ್ಲಿ ಸಮಾನ ಅವಕಾಶ ಘಟಕ ಅಂತ ಒಂದು ಫೋನ್ ನಂಬರ್ ಇದೆ. ಅದಕ್ಕೆ ಉತ್ತರಿಸುವವರು ನನ್ನ ಗೈಡ್‌ನ ಆಪ್ತ ಗೆಳೆಯರು.

ಲೋಂಡಾ ಪ್ಯಾಸೆಂಜರ್ · ಖಾನಾಪುರ

ಅಣ್ಣಾ, ನನಗೂ "ಸಿದ್ದಿ ಕುಣಿತದ ಮೇಲೆ ಮಾಡು" ಅಂದಿದ್ದಾರೆ. ನನಗೆ ಬೇಕಿರುವುದು ಅರಣ್ಯ ಹಕ್ಕು ಮತ್ತು ಊಟ. ಇನ್ನೂ ಜಗ್ಗಾಟ ನಡೆದಿದೆ.

ಘಟಪ್ರಭಾ · ಈಗ ಲೀಡ್ಸ್‌ನಲ್ಲಿ

ಇಲ್ಲಿ ಪೋಸ್ಟ್‌ಡಾಕ್. ಡರ್ಮಟಾಲಜಿ ಕ್ಲಾಸ್‌ನಲ್ಲಿ ನಮ್ಮಂಥ ಚರ್ಮದ ಮೇಲೆ ದದ್ದು ಹೇಗೆ ಕಾಣುತ್ತದೆ ಅನ್ನುವ ಚಿತ್ರವೇ ಇರುತ್ತಿರಲಿಲ್ಲ. ಲಂಡನ್ನಿನ ವೈದ್ಯ ವಿದ್ಯಾರ್ಥಿಯೊಬ್ಬ 2020ರಲ್ಲಿ ಅದಕ್ಕೇ ಕೈಪಿಡಿ ಮಾಡಿದ. ಇಲ್ಲಿ ನಾನು ಕಂದು ಬಣ್ಣದವನು, ಬಸ್‌ನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ. ಶನಿವಾರ ಭಾರತೀಯರ ಊಟದ ಕೂಟಕ್ಕೆ ಹೋದರೆ ಎರಡನೇ ಪ್ರಶ್ನೆಯೇ "ನೀವು ಯಾವ ಪೈಕಿ?" ಎರಡೂ ಒಂದೇ ವಾರದಲ್ಲಿ ಆಗುತ್ತದೆ. ಸಿಯಾಟಲ್ ನಗರ 2023ರಲ್ಲಿ ಜಾತಿ ಭೇದವನ್ನು ಕಾನೂನಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಹೆಸರು ಬೇಡ ಅಣ್ಣಾ, ನಿಮ್ಮ ಥೀಸಿಸ್ ಕಳಿಸಿ, ಓದುತ್ತೇನೆ.

ಲ್ಯಾಬ್ ಅಕ್ಕ · ಬೆಳಗಾವಿ

ಪಿಸುಮಾತು ಡಾಕ್ಟ್ರೇ, ಒಂದು ಕೆಲಸ ಮಾಡಿ. ನಿಮ್ಮ ವಾರ್ಡಿನಲ್ಲಿ ಊದಿಸಿ ಶ್ವಾಸಕೋಶ ಅಳೆಯುವ ಸ್ಪೈರೋಮೀಟರ್ ಇದೆಯಲ್ಲ, ಅದರಲ್ಲಿ ಜನಾಂಗದ ಸೆಟ್ಟಿಂಗ್ ಏನಿದೆ ನೋಡಿ ಹೇಳಿ. ಶ್ವಾಸಕೋಶದ ಯಂತ್ರಕ್ಕೆ ಈ ಗುಣಕ ಬಂದದ್ದೇ ಗುಲಾಮಗಿರಿ ಕಾಲದಿಂದ. 1851ರ ಹೊತ್ತಿಗೆ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಕಪ್ಪು ಜನರ ಶ್ವಾಸಕೋಶ ಶೇ 20 ಚಿಕ್ಕದು, ದುಡಿಸಿದರೇ ಅವರಿಗೆ ಒಳ್ಳೆಯದು ಅಂತ ಬರೆದ. ಗುಲಾಮರು ಓಡಿಹೋಗುವುದು ಒಂದು ಮಾನಸಿಕ ರೋಗ ಅಂದವನೂ ಅವನೇ. 1999ರಲ್ಲಿ ಓವೆನ್ಸ್ ಕಾರ್ನಿಂಗ್ ಕಂಪನಿ ಬಾಲ್ಟಿಮೋರ್‌ನ ಕಲ್ನಾರು ಪ್ರಕರಣಗಳಲ್ಲಿ, ಕಪ್ಪು ಕಾರ್ಮಿಕರಿಗೆ ಪರಿಹಾರ ಕೇಳಲು ಬೇರೆ ಗೆರೆ ಬೇಕು ಅಂತ ವಾದಿಸಿತ್ತು. ಶ್ವಾಸಕೋಶ ಇನ್ನೂ ಜಾಸ್ತಿ ಕೆಟ್ಟಮೇಲೆ ಬನ್ನಿ ಅಂತ ಅದರ ಅರ್ಥ. 2023ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಎಲ್ಲರಿಗೂ ಒಂದೇ ಸೂತ್ರ ಬಳಸಿ ಅಂತ ಹೇಳಿದೆ.

ಗೋಲಗುಂಬಜ್ ಪಿಸುಮಾತು · ವಿಜಯಪುರ

ನೋಡಿದೆ. "ಕಾಕೇಶಿಯನ್" (ಬಿಳಿಯರು) ಅಂತಿದೆ, ಪಕ್ಕದಲ್ಲಿ ತಿದ್ದುಪಡಿ 0.9. ಬಿಳಿಯರಿಂದ ನಿರೀಕ್ಷಿಸುವುದರ ಶೇ 90 ಮಾತ್ರ ನಮ್ಮವರಿಂದ ನಿರೀಕ್ಷಿಸಿ ಅಂತ ಅದರ ಅರ್ಥ. ಯಾರು ಹಾಕಿದ್ದು ಅಂತ ಕೇಳಿದರೆ, ಯಂತ್ರ ಕೂರಿಸಿದ ಕಂಪನಿಯ ಹುಡುಗ ಹಾಕಿಹೋದದ್ದು, ಆಮೇಲೆ ಯಾರೂ ಮುಟ್ಟಿಲ್ಲ.

ಹಳೆಯ ಪ್ರಿಂಟ್ ಒಂದನ್ನು ತೆಗೆದು ಲೆಕ್ಕ ಹಾಕಿದೆ. ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಯ ಕೆಲಸಗಾರ, ಕಲ್ಲಿನ ಧೂಳು, ದಮ್ಮು. ವರದಿಯಲ್ಲಿ ಇರುವುದು ನಿರೀಕ್ಷಿತದ ಶೇ 84. ನಾವು ಹಿಡಿಯುವ ಗೆರೆ 80. ನಾರ್ಮಲ್ ಅಂತ ಸಹಿ ಆಗಿದೆ. 0.9 ತೆಗೆದರೆ ಶೇ 76.

ಆದರೂ ಇದು ರೇಸಿಸಂ ಅಂತ ನಾನು ಇನ್ನೂ ಒಪ್ಪಿಲ್ಲ. 0.9 ತೆಗೆದುಬಿಟ್ಟರೆ ನಾಳೆ ಆರೋಗ್ಯವಾಗಿರುವ ನಾಲ್ಕು ಹುಡುಗರು ಮೆಡಿಕಲ್ ಟೆಸ್ಟ್‌ನಲ್ಲಿ ಫೇಲಾಗಿ ಕ್ವಾರಿ ಕೆಲಸ ಕಳೆದುಕೊಳ್ಳುತ್ತಾರೆ. ಅವರಿಗೆ ಏನು ಹೇಳುತ್ತೀರಿ? ನಮ್ಮ ಜನರನ್ನೇ ಅಳೆದು ನಮ್ಮದೇ ಸೂತ್ರ ಮಾಡಬೇಕು ಅನ್ನುವುದು ನನ್ನ ವಾದ.

ಜೋಳದ ರೊಟ್ಟಿ · ವಿಜಯಪುರ

ನಮ್ಮ ಜನರಲ್ಲಿ ಯಾರನ್ನು ಅಳೆಯುತ್ತೀರಿ ಸರ್? ಕ್ವಾರಿಯ ಪಕ್ಕದ ಊರಿನಲ್ಲಿ ಹುಟ್ಟಿ, ಹೊಗೆಯ ಒಲೆ ಮುಂದೆ ಬೆಳೆದವರನ್ನು "ಆರೋಗ್ಯವಂತರು" ಅಂತ ಆರಿಸಿದರೆ ಅವರ ಅರ್ಧ ಕೆಟ್ಟ ಶ್ವಾಸಕೋಶವೇ ನಾರ್ಮಲ್ ಆಗುತ್ತದೆ.

ಗೋಲಗುಂಬಜ್ ಪಿಸುಮಾತು · ವಿಜಯಪುರ

ಹಾಗಾದರೆ ಯಾರನ್ನು? ಇದಕ್ಕೆ ಉತ್ತರ ಕೊಡಿ, ಸುಮ್ನಿರುತ್ತೇನೆ.

ಕೋಟೆಕೆರೆ ದಂಡೆ · ಬೆಳಗಾವಿ

ಶನಿವಾರ ಇದನ್ನೇ ಇಟ್ಟುಕೊಳ್ಳೋಣ, ಸಂಜೆ 4ಕ್ಕೆ. ಡಾಕ್ಟ್ರೇ, ಆ ಪ್ರಿಂಟ್ ಮತ್ತು ನಿಮ್ಮ ಲೆಕ್ಕ ಎರಡೂ ತನ್ನಿ, ಹೆಸರು ಮತ್ತು ಐಪಿ ನಂಬರ್ ಮೇಲೆ ಕಾಗದ ಅಂಟಿಸಿ. ಆಮೇಲೆ ಆ ಕ್ವಾರಿಯವರನ್ನು ವಾಪಸ್ ಕರೆಸಿ ಇನ್ನೊಮ್ಮೆ ಪರೀಕ್ಷೆ ಮಾಡಿಸುತ್ತೀರಾ ಅಂತಲೂ ಹೇಳಬೇಕು. ಲೋಂಡಾ ಪ್ಯಾಸೆಂಜರ್, ಅರ್ಧ ಸಮಯ ನಿಮ್ಮದು, ಹೆಸರು ಪೋಸ್ಟರ್ ಮೇಲೆ ನನ್ನ ಹೆಸರಿನ ಪಕ್ಕ ಬರುತ್ತದೆ. ಕುಣಿತ ಬೇಡ, ಅರಣ್ಯ ಹಕ್ಕು ಮತ್ತು ಊಟವೇ ಇರಲಿ. ಮೇಷ್ಟ್ರಿಗೂ ಹೇಳಿದ್ದೇನೆ. ರಕ್ತಹೀನತೆ ಬಗ್ಗೆ ಒಂದು ಸ್ಲೈಡ್ ಇಟ್ಟರೆ ಬರುತ್ತಾರಂತೆ.

ಕುಂದಾ ಪ್ರಿಯ · ಬೆಳಗಾವಿ

ಚಹಾದ ವಿಷಯ ಇನ್ನೂ ಯಾರೂ ಹೇಳಲಿಲ್ಲ.